ಖಾಲಿ ಪುಟಕ್ಕೆ ಒಮ್ಮೆ ಸಹಿ ಹಾಕಿದವಳು ಮತ್ತೆ ಕಮಿಟಿಗೆ ಹೋಗಬೇಕಾ?

ಪಿಪೆಟ್ ಮೇಡಂ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡಿ.

ನಾನು ಕಲಬುರಗಿಯ ಒಂದು ಅನುದಾನಿತ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. 21 ವರ್ಷ ಆಯಿತು. ಸ್ವಾಯತ್ತ ಕಾಲೇಜು. ಹೆಸರು ಕೇಳಬೇಡಿ.

ನಾಲ್ಕು ತಿಂಗಳ ಹಿಂದೆ ಹೊಸ ಪ್ರಿನ್ಸಿಪಾಲರು ಬಂದಿದ್ದಾರೆ. ಮೊನ್ನೆ ಚೇಂಬರಿಗೆ ಕರೆಸಿದರು. "ಮೇಡಂ, ಟೀಚರ್ಸ್ ಒಂದ್ ಕಡೆ, ಆಫೀಸ್ ಒಂದ್ ಕಡೆ ಅಂತ ಎಷ್ಟ್ ದಿನ ನಡೀತದ? ಐದು ಮಂದಿ ಟೀಚರ್ಸ್, ಮೂರು ಮಂದಿ ಆಫೀಸಿನವರು, ಇಬ್ಬರು ಮ್ಯಾನೇಜ್‌ಮೆಂಟಿನವರು ಕೂಡಿ ಒಂದು ಜಂಟಿ ಕಮಿಟಿ ಮಾಡೋಣ್ರಿ. ನೀವೇ ಕನ್ವೀನರ್ ಆಗ್ರಿ" ಅಂದರು. ಎರಡು ದಿನ ಟೈಮ್ ಕೇಳಿ ಎದ್ದು ಬಂದೆ. ಒಂಬತ್ತು ದಿನ ಆಯಿತು. ಇನ್ನೂ ಉತ್ತರ ಕೊಟ್ಟಿಲ್ಲ.

ಯಾಕೆ ಕೊಟ್ಟಿಲ್ಲ ಅಂದರೆ, ಒಂದು ಹಸಿರು ರಟ್ಟಿನ ಪ್ರೊಸೀಡಿಂಗ್ಸ್ ಬುಕ್ ಕಾರಣ.

ಮೂರು ವರ್ಷದ ಹಿಂದಿನ ಮಾತು. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆಯ ಪೀರ್ ಟೀಮ್, ಅಂದರೆ ತಪಾಸಣೆ ತಂಡ, ಬರುವುದಿತ್ತು. ಏಳು ಕ್ರೈಟೀರಿಯಾದಲ್ಲಿ ಆರನೆಯದು ಆಡಳಿತದ್ದು, ನಿಮಗೆ ಗೊತ್ತೇ ಇದೆ. ತೀರ್ಮಾನಗಳಲ್ಲಿ ಶಿಕ್ಷಕರಿಗೂ ಪಾಲಿದೆ ಅಂತ ಅಲ್ಲಿ ತೋರಿಸಬೇಕು. ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಸಮಿತಿ ಐಕ್ಯೂಎಸಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಮ್ಮಲ್ಲಿ ಸೇರಿರಲಿಲ್ಲ. ಸೇರಿದ್ದಕ್ಕೆ ದಾಖಲೆ ಮಾತ್ರ ಬೇಕಿತ್ತು.

ಟೀಮ್ ಬರುವ ಹಿಂದಿನ ರಾತ್ರಿ ಎಲ್ಲರೂ ಲೈಬ್ರರಿ ಹಾಲ್‌ನಲ್ಲಿದ್ದೆವು. ಗೋಡೆಗೆ ಹೊಡೆದ ಬಣ್ಣ ಇನ್ನೂ ಆರಿರಲಿಲ್ಲ. ಗೇಟಿನ ಹತ್ತಿರದ ಗಾಡಿಯಿಂದ ಮಿರ್ಚಿ ಭಜಿ, ಚಹಾ ತರಿಸಿದ್ದರು. ಅಟೆಂಡರ್ ಆ ಬುಕ್ ತಂದು ಒಂದೊಂದೇ ಪುಟ ತಿರುವಿ, "ಇಲ್ಲಿ ಹಾಕ್ರಿ ಮೇಡಂ, ಇಲ್ಲಿ" ಅಂತ ಬೆರಳಿಟ್ಟು ತೋರಿಸಿದ. ಪುಟದ ಮೇಲೆ ತಾರೀಖು. ನಡುವೆ ಏನೂ ಇಲ್ಲ. ಕೆಳಗೆ ನಮ್ಮ ಹೆಸರು, ಹೆಸರಿನ ಮುಂದೆ ಜಾಗ. ಒಂಬತ್ತು ಕಡೆ ಹಾಕಿದೆ. ಕೈಗೆ ಎಣ್ಣೆ ಹತ್ತಿತ್ತು. ಒಂದು ಪುಟದ ಮೇಲೆ ಹೆಬ್ಬೆರಳಿನ ಗುರುತು ಬಿತ್ತು. ಸೆರಗಿನಿಂದ ಒರೆಸಿದೆ, ಹೋಗಲಿಲ್ಲ.

ಆರು ತಿಂಗಳಾದ ಮೇಲೆ ಹೊಸ ರೂಲ್ ಬಂತು. ಬಯೋಮೆಟ್ರಿಕ್‌ನಲ್ಲಿ ಹತ್ತು ನಿಮಿಷ ತಡ, ಹಾಗೆ ತಿಂಗಳಲ್ಲಿ ಮೂರು ಸಲ ಆದರೆ ಅರ್ಧ ದಿನದ ಸಿಎಲ್ ಕಟ್. ನಮ್ಮಲ್ಲಿ ವಾಡಿ, ಶಹಾಬಾದಿನಿಂದ ರೈಲಿಗೆ ಬರುವವರೇ ಆರು ಜನ ಇದ್ದಾರೆ. ಯಾರನ್ನು ಕೇಳಿ ಮಾಡಿದಿರಿ ಅಂತ ಆಫೀಸಿಗೆ ಹೋಗಿ ಜಗಳ ತೆಗೆದೆವು. ಅವರು ಏನೂ ಮಾತಾಡಲಿಲ್ಲ. ಬುಕ್ ತೆಗೆದು ಮುಂದಿಟ್ಟರು. "ಸದಸ್ಯರೆಲ್ಲರೂ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು." ಕೆಳಗೆ ನನ್ನ ಸಹಿ. ಪಕ್ಕದಲ್ಲೇ ಎಣ್ಣೆ ಕಲೆ.

ಅವತ್ತಿನಿಂದ ನಾನು ಯಾವ ಮೀಟಿಂಗಿನಲ್ಲೂ ಬಾಯಿ ಬಿಟ್ಟಿಲ್ಲ. ನಾನೊಬ್ಬಳೇ ಅಲ್ಲ. ಸ್ಟಾಫ್ ವಾಟ್ಸಾಪ್ ಗ್ರೂಪ್ ಎರಡಾಗಿದೆ. ಒಂದರಲ್ಲಿ ಪ್ರಿನ್ಸಿಪಾಲರಿದ್ದಾರೆ, ಅಲ್ಲಿ ಬರೀ ಹುಟ್ಟುಹಬ್ಬದ ಹೂವು. ಇನ್ನೊಂದರಲ್ಲಿ ಅವರಿಲ್ಲ, ಅಲ್ಲಿ ಉಳಿದದ್ದೆಲ್ಲ. ಆಫೀಸ್ ಸೂಪರಿಂಟೆಂಡೆಂಟ್ ಸ್ಟಾಫ್ ರೂಮಿನ ಮುಂದೆ ಹಾದು ಹೋದರೆ ಮಾತು ನಿಲ್ಲುತ್ತದೆ. ಅವರಿಗೂ ಗೊತ್ತಾಗುತ್ತದೆ, ಪಾಪ, ಜೋರಾಗಿ ಕೆಮ್ಮಿಕೊಂಡು ಬರುತ್ತಾರೆ.

ಇನ್ನೊಂದು ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ನಮ್ಮ ಪ್ರಾಕ್ಟಿಕಲ್ಸ್ ಮಧ್ಯಾಹ್ನ 2ರಿಂದ 5. ಟೈಮ್‌ಟೇಬಲ್ ಮಾಡಿದ್ದು ಆಫೀಸು. ಈಥರ್ 35 ಡಿಗ್ರಿ ಒಳಗೇ ಕುದಿಯುತ್ತದೆ. ಮೇ ತಿಂಗಳಲ್ಲಿ ನಮ್ಮ ಲ್ಯಾಬಿನ ಗೋಡೆಯ ಥರ್ಮಾಮೀಟರ್ 41 ತೋರಿಸುತ್ತದೆ. ಬಾಟಲಿ ಮುಚ್ಚಳ ತೆಗೆದರೆ ಬುಸ್ ಅನ್ನುತ್ತದೆ. 24 ಹುಡುಗರು, ಎರಡು ಫ್ಯಾನ್. ಯಾರಾದರೂ ಒಂದು ಮಾತು ನಮ್ಮನ್ನು ಕೇಳಿದ್ದರೆ ಅಲ್ಲೇ ಹೇಳುತ್ತಿದ್ದೆವು. ಕೇಳಲಿಲ್ಲ. ನಾವೂ ಹೋಗಿ ಹೇಳಲಿಲ್ಲ, ಯಾಕಂದರೆ ಮಾತಾಡುವುದು ಬಿಟ್ಟಿದ್ದೆವಲ್ಲ.

ಹೊಸ ಪ್ರಿನ್ಸಿಪಾಲರು ಒಳ್ಳೆಯವರ ಹಾಗೆ ಕಾಣುತ್ತಾರೆ. ಆದರೆ ಹಳಬರೂ ಮೊದಲ ನಾಲ್ಕು ತಿಂಗಳು ಹಾಗೇ ಕಾಣುತ್ತಿದ್ದರು. ಈ ಕಮಿಟಿ ಒಪ್ಪಿಕೊಳ್ಳಲಾ? ಒಪ್ಪಿದರೆ ಏನು ಕಂಡೀಷನ್ ಹಾಕಲಿ? ನಿಮ್ಮ ಕಾಲೇಜುಗಳಲ್ಲಿ ಹೀಗೆ ಕೆಟ್ಟದ್ದು ಮತ್ತೆ ಸರಿ ಹೋದ ಉದಾಹರಣೆ ಇದ್ದರೆ ಬರೆಯಿರಿ. ಭಾಷಣ ಬೇಡ.

---

ಸುಮ್ನಿರೋಣ (ಕಲಬುರಗಿ)

ಬಿಡ್ರಿ ಮೇಡಂ. ಕಮಿಟಿ ಅಂದರೆ ಚಹಾ ಬಿಸ್ಕೀಟು. 21 ವರ್ಷ ಆಗಿದೆ ಅಂತೀರಿ, ಇನ್ನು ಉಳಿದದ್ದೆಷ್ಟು? ಪೆನ್ಷನ್ ನೋಡಿಕೊಳ್ಳಿ.

---

ನಿವೃತ್ತ ಮಾಸ್ತರ (ಕಲಬುರಗಿ)

ಮೇಲಿನವರು ಹೇಳಿದ್ದು ಅನುಭವದ ಮಾತೇ, ನಾನೂ ಹತ್ತು ವರ್ಷ ಹಾಗೇ ಇದ್ದೆ. ಆದರೆ ಚಹಾ ಕುಡಿದು ಸುಮ್ಮನಿದ್ದವರ ಹೆಸರಿನಲ್ಲೇ ಸರ್ವಾನುಮತ ಆಗುತ್ತದೆ ಅನ್ನೋದನ್ನ ಮೇಡಂ ಈಗ ತಾನೇ ಬರೆದಿದ್ದಾರೆ.

ತಂಗಿ, ನಾನು ಇಲ್ಲಿನ ಪಿಜಿ ಸೆಂಟರಿನಲ್ಲಿ ಓದಿದವನು. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸೆಂಟರ್ ಆಗಿ ಶುರುವಾಗಿದ್ದು, 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಆಯಿತು. ಆಗ ವಿಶ್ವವಿದ್ಯಾಲಯಗಳಿಗೆ 1976ರ ಕಾಯ್ದೆ. ಅದರಲ್ಲಿ ಸೆನೆಟ್ ಅಂತ ಒಂದಿತ್ತು. ದೊಡ್ಡ ಸಭೆ, ದೊಡ್ಡ ಗದ್ದಲ. 2000ದ ಕಾಯ್ದೆ ಬಂದಾಗ ಸೆನೆಟ್ ಹೋಯಿತು, ಸಿಂಡಿಕೇಟು, ಅಕಾಡೆಮಿಕ್ ಕೌನ್ಸಿಲ್ಲು ಉಳಿದವು. ಸೆನೆಟ್ ಹೋದಾಗ ನಾವು ಯಾರೂ ಅತ್ತಿಲ್ಲ ಅನ್ನೋದು ನಿಜ. ಗದ್ದಲ ಕಡಿಮೆಯಾಯಿತು ಅಂತ ಸಮಾಧಾನವೇ ಆಗಿತ್ತು. ಆದರೆ ಎಲ್ಲರೆದುರು ನಿಂತು "ಯಾಕೆ ಹೀಗೆ ಮಾಡಿದಿರಿ" ಅಂತ ಕೇಳುವ ಜಾಗ ಒಂದು ಕಡಿಮೆ ಆಯಿತು. ಅದು ಗೊತ್ತಾಗಲಿಕ್ಕೆ ಹತ್ತು ವರ್ಷ ಹಿಡಿಯಿತು.

ಈಗ ನಿಮ್ಮ ಸ್ವಾಯತ್ತ ಕಾಲೇಜಿನ ಲೆಕ್ಕ ನೋಡಿ. ಯುಜಿಸಿ ನಿಯಮದಲ್ಲಿ ಗವರ್ನಿಂಗ್ ಬಾಡಿ, ಅಕಾಡೆಮಿಕ್ ಕೌನ್ಸಿಲ್, ಬೋರ್ಡ್ ಆಫ್ ಸ್ಟಡೀಸ್, ಫೈನಾನ್ಸ್ ಕಮಿಟಿ ಎಲ್ಲ ಇವೆ. ಎಲ್ಲದರಲ್ಲೂ ಶಿಕ್ಷಕರಿಗೆ ಕುರ್ಚಿ ಇದೆ. ಆದರೆ ಗವರ್ನಿಂಗ್ ಬಾಡಿಗೆ ಇಬ್ಬರನ್ನು ಸೀನಿಯಾರಿಟಿ ನೋಡಿ ಪ್ರಿನ್ಸಿಪಾಲರೇ ಹಾಕುತ್ತಾರೆ. ಫೈನಾನ್ಸ್ ಕಮಿಟಿಗೆ ಒಬ್ಬರು, ಅದೂ ಅವರದೇ ನೇಮಕ. ನಮ್ಮ ಪರವಾಗಿ ಮಾತಾಡು ಅಂತ ನಾವು ಕಳಿಸಿದವರು ಯಾರೂ ಇಲ್ಲ. ಹಾಗಾಗಿ ಮೊದಲ ಕಂಡೀಷನ್: ಆ ಐದು ಮಂದಿ ಟೀಚರ್ಸ್‌ನ್ನ ಟೀಚರ್ಸೇ ಆರಿಸಲಿ. ಚೀಟಿ ಹಾಕಿ, ಸ್ಟಾಫ್ ರೂಮಿನಲ್ಲೇ, ಅರ್ಧ ಗಂಟೆಯ ಕೆಲಸ. ನೀವು ಕನ್ವೀನರ್ ಆಗುವುದಾದರೂ ಆ ಚೀಟಿಯಲ್ಲಿ ಗೆದ್ದು ಆಗಿ. ಪ್ರಿನ್ಸಿಪಾಲರು ಕರೆದು ಕೊಟ್ಟದ್ದನ್ನು ತೆಗೆದುಕೊಂಡರೆ ಮಾರನೇ ದಿನ ನೀವು "ಅವರ ಮಂದಿ".

ಎರಡನೆಯದು ಜಾಸ್ತಿ ಮುಖ್ಯ. ಅಮೆರಿಕದಲ್ಲಿ 1966ರಲ್ಲಿ ಅಲ್ಲಿನ ಪ್ರೊಫೆಸರುಗಳ ಸಂಘ, ಕಾಲೇಜು ವಿಶ್ವವಿದ್ಯಾಲಯಗಳ ಮಂಡಳಿ, ಆಡಳಿತ ಮಂಡಳಿಗಳ ಸಂಘ ಮೂರೂ ಕೂಡಿ ಒಂದು ಹೇಳಿಕೆ ಬರೆದವು. ಕಾಲೇಜನ್ನು ಯಾರು ಹೇಗೆ ನಡೆಸಬೇಕು ಅಂತ. ನನಗೆ ಅದರಲ್ಲಿ ಹಿಡಿಸಿದ್ದು, ಎಲ್ಲರೂ ಎಲ್ಲದರಲ್ಲೂ ಸಮ ಅಂತ ಅದು ಹೇಳುವುದಿಲ್ಲ. ಏನು ಕಲಿಸಬೇಕು, ಹೇಗೆ ಕಲಿಸಬೇಕು, ಯಾರು ಕಲಿಸಬೇಕು ಅನ್ನುವಲ್ಲಿ ಶಿಕ್ಷಕರ ಮಾತು ಮೊದಲು. ದುಡ್ಡು, ಕಟ್ಟಡದಲ್ಲಿ ಆಡಳಿತದ ಮಾತು ಭಾರ. ಶಿಕ್ಷಕರ ಪಾಲಿನ ವಿಷಯದಲ್ಲಿ ಮಂಡಳಿ ಬೇಡ ಅನ್ನುವುದು ಅಪರೂಪಕ್ಕೆ ಮಾತ್ರ ಆಗಬೇಕು, ಅಂದಾಗ ಯಾಕೆ ಬೇಡ ಅಂತ ಕಾರಣ ತಿಳಿಸಬೇಕು. ಅಷ್ಟೇ. ಈ ಒಂದು ಸಾಲನ್ನು ನಿಮ್ಮ ಕಮಿಟಿಗೆ ತನ್ನಿ. "ಬೇಡ" ಅನ್ನುವ ಹಕ್ಕು ಅವರಿಗಿರಲಿ. ಯಾಕೆ ಬೇಡ ಅನ್ನೋದು ಕಾಗದದ ಮೇಲೆ ಬರಲಿ, ದಿನ ಗೊತ್ತು ಮಾಡಿ.

ಅಲ್ಲಿಯೂ ಇದು ಕಲ್ಲಿನ ಮೇಲೆ ಕೆತ್ತಿದ್ದಲ್ಲ ಬಿಡಿ. ವಿಸ್ಕಾನ್ಸಿನ್ ರಾಜ್ಯದಲ್ಲಿ ಇಂಥದ್ದು ಕಾನೂನಿನಲ್ಲೇ ಇತ್ತು, 2015ರ ಬಜೆಟ್ ಕಾಯ್ದೆಯಲ್ಲಿ ಅದರ ಹಲ್ಲು ಕಿತ್ತರು.

ಕೊನೆಗೊಂದು, ಬೈಯಬೇಡಿ. ನಮ್ಮ ಕಾಲದಲ್ಲಿ ಕುರ್ಚಿ ಇದ್ದಾಗ ನಾವು ಎಷ್ಟು ಜನ ಅಜೆಂಡಾ ಓದಿಕೊಂಡು ಹೋಗುತ್ತಿದ್ದೆವು? ನಾನು ಬೋರ್ಡ್ ಆಫ್ ಸ್ಟಡೀಸ್ ಮೀಟಿಂಗಿಗೆ ಹೋಗಿ ಟಿಎ ಬಿಲ್ ತುಂಬಿ ಬಂದದ್ದೇ ಜಾಸ್ತಿ.

---

ಕೋಟೆ ಹತ್ತಿರದವ (ಬೀದರ್)

ಮೇಡಂ, ನಿಮ್ಮ ಎಣ್ಣೆ ಕಲೆ ಓದಿ ನಗು ಬಂತು, ಆಮೇಲೆ ಬರಲಿಲ್ಲ.

ನಮ್ಮೂರಲ್ಲಿ ಖಾಲಿ ಕಾಗದದ ಮೇಲೆ ಮೊಹರು ಬಿದ್ದ ಕಥೆ ಹಳೆಯದು. ಮಹಮೂದ್ ಗವಾನ್ ಮದರಸಾ ನೋಡಲಿಕ್ಕೆ ಬಂದವರಿಗೆಲ್ಲ ನಾನು ಕಟ್ಟಡಕ್ಕಿಂತ ಮೊದಲು ಇದನ್ನು ಹೇಳುತ್ತೇನೆ. ಗವಾನ್ ಬಹಮನಿ ಸುಲ್ತಾನನ ಮಂತ್ರಿ. 1472ರ ಹೊತ್ತಿಗೆ ಆ ಮದರಸಾ ಕಟ್ಟಿಸಿದವನು. ಆಗದವರು ಅವನ ಮೊಹರು ನೋಡಿಕೊಳ್ಳುವವನನ್ನು ಬುಟ್ಟಿಗೆ ಹಾಕಿಕೊಂಡು ಖಾಲಿ ಕಾಗದಕ್ಕೆ ಮೊಹರು ಹಾಕಿಸಿದರು. ಆಮೇಲೆ ಅದರಲ್ಲಿ ಒರಿಸ್ಸಾದ ರಾಜನಿಗೆ ದಂಡೆತ್ತಿ ಬಾ ಅಂತ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಷಾ ಮುಂದೆ ಇಟ್ಟರು. ಮೊಹರು ನಿನ್ನದೇನು ಅಂದ. ಮೊಹರು ನನ್ನದೇ, ಕಾಗದ ನನ್ನದಲ್ಲ ಅಂದ ಗವಾನ್. ಕೇಳಲಿಲ್ಲ. 1481ರಲ್ಲಿ ತಲೆ ತೆಗೆಸಿದ. ಆಮೇಲೆ ಸತ್ಯ ಗೊತ್ತಾಗಿ ಸುಲ್ತಾನ ಕೊರಗಿದ, ಮರುವರ್ಷ ಅವನೂ ಸತ್ತ. ರಾಜ್ಯ ಒಡೆದು ಐದು ಹೋಳಾಯಿತು. ಮದರಸಾದ ಒಂದು ಮಿನಾರು ಈಗಲೂ ನಿಂತಿದೆ.

ನಿಮ್ಮದು ಅರ್ಧ ದಿನದ ಸಿಎಲ್‌ಗೆ ಮುಗಿಯಿತು. ಸಹಿ ನನ್ನದೇ, ಬರಹ ನನ್ನದಲ್ಲ ಅನ್ನುವ ಮಾತು ಮಾತ್ರ ಅದೇ.

(ಬಸವಕಲ್ಯಾಣವೂ ನಮ್ಮ ಜಿಲ್ಲೆಯೇ. ಅನುಭವ ಮಂಟಪವನ್ನು ಇಲ್ಲಿ ಎಳೆದು ತರುವುದಿಲ್ಲ. ಅದನ್ನು ಪ್ರತಿ ಆಗಸ್ಟ್ 15ಕ್ಕೆ ನಮ್ಮ ಸೆಕ್ರೆಟರಿಯವರೇ ತರುತ್ತಾರೆ, ಆಮೇಲೆ ಮೈಕ್ ಯಾರಿಗೂ ಕೊಡುವುದಿಲ್ಲ.)

ನೀವು ಉದಾಹರಣೆ ಕೇಳಿದಿರಿ. ನಮ್ಮಲ್ಲಿ ಒಂದು ಸರಿ ಹೋಗಿದೆ, ಬಹಳ ಸಣ್ಣದು. ಪರೀಕ್ಷೆ ಡ್ಯೂಟಿ. ಯಾರಿಗೆ ಎಷ್ಟು ಇನ್ವಿಜಿಲೇಷನ್, ಯಾರು ಭಾನುವಾರ ಬರಬೇಕು, ಯಾರಿಗೆ ಸ್ಕ್ವಾಡ್. ಪ್ರತಿ ಸೆಮಿಸ್ಟರ್ ಜಗಳ. ಪ್ರಿನ್ಸಿಪಾಲರ ಮಂದಿಗೆ ಕಡಿಮೆ, ಉಳಿದವರಿಗೆ ಜಾಸ್ತಿ ಅಂತ ಎಲ್ಲರೂ ನಂಬಿದ್ದೆವು. ಒಂದು ಸಲ ಆಫೀಸಿನ ಹುಡುಗ ತಲೆ ಕೆಟ್ಟು, ಹಿಂದಿನ ಆರು ಸೆಮಿಸ್ಟರಿನ ಡ್ಯೂಟಿ ಲೆಕ್ಕ ತೆಗೆದು ನೋಟೀಸ್ ಬೋರ್ಡಿಗೆ ಅಂಟಿಸಿದ. ನೋಡಿದರೆ ಎಲ್ಲರಿಗಿಂತ ಕಡಿಮೆ ಡ್ಯೂಟಿ ಮಾಡಿದವನು, ಎಲ್ಲರಿಗಿಂತ ಜೋರಾಗಿ ಜಗಳ ಮಾಡುತ್ತಿದ್ದ ನಾನು! ಎರಡು ದಿನ ಸ್ಟಾಫ್ ರೂಮಿಗೆ ಹೋಗಲಿಲ್ಲ.

ಈಗ ಆ ಪಟ್ಟಿಯನ್ನು ಇಬ್ಬರು ಟೀಚರ್ಸ್, ಒಬ್ಬ ಕ್ಲರ್ಕ್ ಕೂತು ಮಾಡುತ್ತಾರೆ. ಹಳೇ ಲೆಕ್ಕ ಪಕ್ಕದಲ್ಲೇ ಇರುತ್ತದೆ. ಪ್ರಿನ್ಸಿಪಾಲರು ಸಹಿ ಮಾತ್ರ ಹಾಕುತ್ತಾರೆ. ಹಾಗಾಗಿ ನನ್ನ ಸಲಹೆ, ಪ್ರಮೋಷನ್, ಫಂಡ್ ಅಂತ ದೊಡ್ಡದರಿಂದ ಶುರು ಮಾಡಬೇಡಿ. ಒಂದು ತಿಂಗಳಲ್ಲಿ ಮುಗಿಯುವಂಥದ್ದು, ಎಲ್ಲರ ಕಣ್ಣಿಗೆ ಕಾಣುವಂಥದ್ದು ಹಿಡಿಯಿರಿ. ನಿಮ್ಮ ಈಥರ್ ಬಾಟಲಿ ಇದೆಯಲ್ಲ, ಅದೇ ಸಾಕು.

---

ಆವಕ ಜಾವಕ (ಕಲಬುರಗಿ)

ನಾನು ಆ ಕಡೆಯವನು. ಬೇರೊಂದು ಕಾಲೇಜಿನಲ್ಲಿ ಆಫೀಸ್ ಸೂಪರಿಂಟೆಂಡೆಂಟ್. ಕೆಮ್ಮಿಕೊಂಡು ಬರುತ್ತಾರೆ ಅಂತ ಬರೆದಿದ್ದೀರಿ. ನಾನೂ ಕೆಮ್ಮುತ್ತೇನೆ.

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಅಂಥ ಪುಟಗಳನ್ನು ನಾನು ನನ್ನ ಕೈಯಾರೆ ಬರೆದಿದ್ದೇನೆ. ಮೂರು ರಾತ್ರಿ ಕೂತು ಐದು ವರ್ಷದ ಸಭೆಗಳನ್ನು ನಡೆಸಿದ್ದೇನೆ, ಒಬ್ಬನೇ. ಬೇರೆ ಬೇರೆ ಪೆನ್ ತೆಗೆದುಕೊಂಡು. ಯಾರು ಏನು ಸೂಚಿಸಿದರು, ಯಾರು ಅನುಮೋದಿಸಿದರು ಎಲ್ಲ ನನ್ನ ತಲೆಯಿಂದ. ಮನೆಯವಳು ಏನು ಬರೀಲಿಕ್ಕತ್ತೀರಿ ಅಂದರೆ ನಾಟಕ ಅಂದೆ.

ಈಗ ನಮ್ಮ ಕಡೆಯದು ಸ್ವಲ್ಪ ಕೇಳಿ. ಜಂಟಿ ನಿರ್ದೇಶಕರ ಕಚೇರಿಯಿಂದ ಸಂಜೆ ನಾಲ್ಕೂ ಮುಕ್ಕಾಲಿಗೆ ಮೇಲ್ ಬರುತ್ತದೆ, "ಇಂದೇ ಮಾಹಿತಿ ಸಲ್ಲಿಸುವುದು." ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆ ಐಶೆಗೆ ಲೆಕ್ಕ ತುಂಬಬೇಕು. ಎಚ್‌ಆರ್‌ಎಂಎಸ್‌ನಲ್ಲಿ ಸಂಬಳದ ಬಿಲ್ ಮಾಡಬೇಕು. ಪ್ರೊಫೆಸರುಗಳಿಗೆ ಫೋನ್ ಮಾಡಿದರೆ "ನಾನು ಪಾಠ ಮಾಡಲಿಕ್ಕೆ ಬಂದಿದ್ದೀನಿ, ಗುಮಾಸ್ತಿಕೆಗಲ್ಲ" ಅಂತಾರೆ. ಆಮೇಲೆ ಇನ್‌ಕ್ರಿಮೆಂಟ್ ಒಂದು ತಿಂಗಳು ತಡವಾದರೆ ಅದೇ ಗುಮಾಸ್ತನ ಟೇಬಲ್ ಕುಟ್ಟುತ್ತಾರೆ. ನಂಬಿಕೆ ಹೋದದ್ದು ಒಂದೇ ಕಡೆಯಿಂದ ಅಲ್ಲ.

ನಿಮ್ಮ ಕಮಿಟಿಯಲ್ಲಿ ಆಫೀಸಿನ ಮೂರು ಜನ ಇದ್ದಾರೆ ಅಂದಿರಿ. ಬಹಳ ಒಳ್ಳೆಯದು. ಆದರೆ ಆ ಮೂವರಲ್ಲಿ ಒಬ್ಬ ನೋಟ್ಸ್ ಬರೆದುಕೊಳ್ಳಲಿಕ್ಕೆ, ಒಬ್ಬ ಜೆರಾಕ್ಸ್ ತರಲಿಕ್ಕೆ, ಒಬ್ಬ ಚಹಾ ಹೇಳಲಿಕ್ಕೆ ಆಗಬಾರದು. ಮಾತಾಡಲಿಕ್ಕೆ ಕೂಡಿಸಿ.

ಬುಕ್ ಬಗ್ಗೆ ಕೆಲಸಕ್ಕೆ ಬರುವ ಮಾತು. ಕಳ್ಳನಿಗೇ ಬೀಗದ ಗುಟ್ಟು ಗೊತ್ತು. ಪುಟಗಳಿಗೆ ಮೊದಲೇ ನಂಬರ್ ಹಾಕಿಸಿ. ಸಭೆ ಮುಗಿಯುವ ಮುಂಚೆ, ಎಲ್ಲರೂ ಕೂತಿರುವಾಗಲೇ ಠರಾವುಗಳನ್ನು ಗಟ್ಟಿಯಾಗಿ ಓದಿಸಿ. ಕೊನೆಯ ಸಾಲಿನ ಕೆಳಗೆ ಸ್ಕೇಲ್ ಇಟ್ಟು ಅಡ್ಡ ಗೆರೆ ಎಳೆಸಿ. ಗೆರೆಗೆ ತಾಗಿಸಿ ಸಹಿ ಮಾಡಿ, ನಡುವೆ ಒಂದು ಬೆರಳು ಜಾಗವೂ ಬಿಡಬೇಡಿ. ಅವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದು ಸದಸ್ಯರಿಗೆಲ್ಲ ಕಳಿಸಿ. ಇಷ್ಟಾದರೆ ನನ್ನಂಥವನಿಗೆ ನಾಟಕ ಬರೆಯಲಿಕ್ಕೆ ಆಗುವುದಿಲ್ಲ.

ಹಳೇ ಪುಟದ ಬಗ್ಗೆ. ಅವರು ಸರಿ ಮಾಡುತ್ತಾರೆ ಅಂತ ಕಾಯಬೇಡಿ. ನೀವೇ ಒಂದು ಪತ್ರ ಬರೆಯಿರಿ, ಇಂಥ ತಾರೀಖಿನ ಪುಟಗಳಿಗೆ ನಾನು ಖಾಲಿ ಇದ್ದಾಗ ಸಹಿ ಹಾಕಿದ್ದೇನೆ ಅಂತ. ಇನ್‌ವರ್ಡ್ ನಂಬರ್ ಬಿದ್ದ ಒಂದು ಪ್ರತಿ ಇಟ್ಟುಕೊಳ್ಳಿ. ಇನ್‌ವರ್ಡ್ ನಂಬರ್ ಬಿದ್ದ ಕಾಗದ ಯಾರಿಂದಲೂ ಸುಮ್ನೆ ಮಾಯ ಮಾಡಲಿಕ್ಕೆ ಬರುವುದಿಲ್ಲ.

---

ಪಿಪೆಟ್ ಮೇಡಂ (ಕಲಬುರಗಿ)

ಆವಕ ಜಾವಕ ಸರ್, ನಿಮ್ಮದನ್ನು ಎರಡು ಸಲ ಓದಿದೆ. ಐಶೆ ಫಾರಂ ನಾನೂ ಹೋದ ವರ್ಷ ಹನ್ನೊಂದು ದಿನ ತಡ ಮಾಡಿ ಕೊಟ್ಟಿದ್ದೆ. ಪತ್ರದ ಮಾತಿಗೆ ಮಾತ್ರ ಹೆದರಿಕೆ ಆಗುತ್ತಿದೆ. ಖಾಲಿ ಪುಟಕ್ಕೆ ಸಹಿ ಹಾಕಿದೆ ಅಂತ ಬರೆದುಕೊಟ್ಟರೆ ನನ್ನ ಮೇಲೆಯೇ ಬರುವುದಿಲ್ಲವಾ?

---

ಆವಕ ಜಾವಕ (ಕಲಬುರಗಿ)

ಬರಬಹುದು. ಬರಲ್ಲ ಅಂತ ನಾನು ಹೇಳಲಾರೆ. ನಾನಂತೂ ನನ್ನ ಪತ್ರ ಇನ್ನೂ ಬರೆದಿಲ್ಲ.

---

ಗಂಟೆ ಲೆಕ್ಕದವನು (ಯಾದಗಿರಿ)

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಐದು ಮಂದಿ ಟೀಚರ್ಸ್, ಮೂರು ಮಂದಿ ಆಫೀಸು, ಇಬ್ಬರು ಮ್ಯಾನೇಜ್‌ಮೆಂಟು. ನಾನೆಲ್ಲಿ?

ನಾನು ಅತಿಥಿ ಉಪನ್ಯಾಸಕ. ಎಂಟು ವರ್ಷದಿಂದ ಅತಿಥಿ. ನಮ್ಮ ಮನೆಯಲ್ಲಿ ಯಾವ ಬೀಗರೂ ಇಷ್ಟು ದಿನ ಉಳಿದಿಲ್ಲ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಪರ್ಮನೆಂಟ್ ಒಬ್ಬರು, ನಾವು ನಾಲ್ಕು ಜನ. ಅಂದರೆ ಪಾಠದಲ್ಲಿ ಮುಕ್ಕಾಲು ಪಾಲು ನಮ್ಮದು. ಸಭೆಗೆ ಕರೆ ಬರುವುದು ಆ ಒಬ್ಬರಿಗೆ. ಸೀನಿಯಾರಿಟಿ ಮೇಲೆ ಕುರ್ಚಿ ಅಂದರೆ ನಮಗೆ ಎಂದೂ ಇಲ್ಲ, ಯಾಕಂದರೆ ಪ್ರತಿ ವರ್ಷ ನಾವು ಹೊಸಬರು.

ಯಾದಗಿರಿ ಜಿಲ್ಲೆ ಆದದ್ದು 2009ರ ಕೊನೆಗೆ. ಅದಕ್ಕಿಂತ ಮುಂಚೆ ಒಂದು ಕಾಗದಕ್ಕೂ ನಮ್ಮಪ್ಪ ಗುಲ್ಬರ್ಗಕ್ಕೆ ಓಡಬೇಕಿತ್ತು. ನಮ್ಮ ವಿಷಯ ನಾವಿಲ್ಲದ ಕಡೆ ತೀರ್ಮಾನ ಆಗುವುದು ನಮಗೆ ಹೊಸದೇನಲ್ಲ. ಆದರೆ ಮೇಡಂ, ನಿಮ್ಮ ಆಡಳಿತ ನಿಮಗೆ ಮಾಡಿದ್ದನ್ನೇ ನೀವು ನಮಗೆ ಮಾಡಬೇಡಿ. ನಿಮ್ಮ ಕಾಲೇಜಿನಲ್ಲೂ ಮ್ಯಾನೇಜ್‌ಮೆಂಟ್ ಸಂಬಳದವರು, ಗೆಸ್ಟ್‌ಗಳು ಇರುತ್ತಾರೆ. ಆ ಮಧ್ಯಾಹ್ನದ ಲ್ಯಾಬಿನಲ್ಲಿ ನಿಜವಾಗಿ ನಿಂತವರು ಯಾರು ಅಂತ ಒಂದು ಸಲ ನೆನಪು ಮಾಡಿಕೊಳ್ಳಿ.

---

ಸುಮ್ನಿರೋಣ (ಕಲಬುರಗಿ)

ಗೆಸ್ಟ್‌ಗಳನ್ನು ಕೂಡಿಸಿದರೆ ಅವರು ಮ್ಯಾನೇಜ್‌ಮೆಂಟ್ ಹೇಳಿದ ಕಡೆ ಕೈ ಎತ್ತುತ್ತಾರೆ. ಮುಂದಿನ ವರ್ಷ ಕೆಲಸ ಬೇಕಲ್ಲ.

---

ಗಂಟೆ ಲೆಕ್ಕದವನು (ಯಾದಗಿರಿ)

ಪರ್ಮನೆಂಟ್ ಇದ್ದವರು ಖಾಲಿ ಪುಟಕ್ಕೆ ಒಂಬತ್ತು ಸಹಿ ಹಾಕಿದ ಚರ್ಚೆಯಲ್ಲೇ ಈ ಮಾತು ಹೇಳುತ್ತೀರಲ್ಲ ಸರ್.

---

ನಿವೃತ್ತ ಮಾಸ್ತರ (ಕಲಬುರಗಿ)

ತಮ್ಮ, ನಾನು ಅಷ್ಟುದ್ದ ಬರೆದು ನಿಮ್ಮನ್ನು ಮರೆತೆ. ತಪ್ಪಾಯಿತು. ಚೀಟಿ ಹಾಕುವಾಗ ಆ ಐದರಲ್ಲಿ ಒಂದು ಜಾಗ ಅವರಿಗೇ ಅಂತ ಇರಲಿ, ಮತ ಅವರದೇ ಇರಲಿ.

---

ಪಿಪೆಟ್ ಮೇಡಂ (ಕಲಬುರಗಿ), ಏಳು ವಾರದ ನಂತರ

ಏನಾಯಿತು ಅಂತ ಮೂವರು ಮೆಸೇಜ್ ಮಾಡಿ ಕೇಳಿದರು, ಅದಕ್ಕೆ ಬರೆಯುತ್ತಿದ್ದೇನೆ.

ಮಧ್ಯಾಹ್ನದ ಲ್ಯಾಬಿನಲ್ಲಿ ನಿಂತವಳು ಯಾರು ಅಂದರೆ, ನಿಜ ಹೇಳಬೇಕಂದರೆ ಹೋದ ಎರಡು ಬೇಸಿಗೆ ಜಾಸ್ತಿ ನಿಂತವಳು ನಮ್ಮ ಗೆಸ್ಟ್ ಹುಡುಗಿ. ನಾನು ಥಿಯರಿ ಇಟ್ಟುಕೊಂಡಿದ್ದೆ. ಆ ಮಾತು ಓದಿದ ರಾತ್ರಿ ನಿದ್ದೆ ಸರಿ ಬರಲಿಲ್ಲ.

ಪ್ರಿನ್ಸಿಪಾಲರ ಹತ್ತಿರ ನಾಲ್ಕು ಮಾತು ಇಟ್ಟೆ. ಟೀಚರ್ಸ್‌ನ್ನ ಟೀಚರ್ಸೇ ಆರಿಸಬೇಕು, ಒಂದು ಜಾಗ ಗೆಸ್ಟ್‌ಗಳದು. ಕಮಿಟಿ ಹೇಳಿದ್ದು ಬೇಡ ಅಂದರೆ 15 ದಿನದೊಳಗೆ ಕಾರಣ ಬರೆದು ಕೊಡಬೇಕು. ಬುಕ್ ಆವಕ ಜಾವಕ ಸರ್ ಹೇಳಿದ ಹಾಗೆ. ನಾಲ್ಕನೆಯದು, ಹಳೇ ಹಸಿರು ಬುಕ್‌ನಲ್ಲಿ ಆ ಪುಟಗಳ ಎದುರು "ಖಾಲಿ ಇದ್ದಾಗ ಸಹಿ ಪಡೆಯಲಾಗಿದೆ" ಅಂತ ಒಂದು ಷರಾ. ಮೂರಕ್ಕೆ ಹೂಂ ಅಂದರು. ನಾಲ್ಕನೆಯದಕ್ಕೆ, "ಮೇಡಂ, ಅದು ನನ್ನ ಕಾಲದ್ದಲ್ಲ. ಅದನ್ನ ಕೆದಕಿದ್ರ ಗ್ರೇಡಿಗೇ ಬರ್ತದ. ಕೈ ಮುಗೀತೀನಿ" ಅಂದರು. ಇದನ್ನೂ ಬರೆದು ಕೊಡಿ ಅಂದೆ. ಕೊಡಲಿಲ್ಲ. ಅಷ್ಟು ನಂಬಿಕೆ ಅವರಿಗೂ ನನ್ನ ಮೇಲೆ ಇನ್ನೂ ಬಂದಿಲ್ಲ ಅಂತ ಕಾಣುತ್ತದೆ.

ಪತ್ರ ಬರೆದೆ. ಆರು ಸಾಲು. ಇನ್‌ವರ್ಡ್ ಕ್ಲರ್ಕ್ ಓದಿ ನನ್ನ ಮುಖ ನೋಡಿದ, ಏನೂ ಅನ್ನಲಿಲ್ಲ, ಸೀಲ್ ಹೊಡೆದು ಕೊಟ್ಟ. ಆ ವಾರದಲ್ಲೇ ಇನ್ನಿಬ್ಬರು ಬಂದು ನಕಲು ಕೇಳಿ ಅವರೂ ಬರೆದು ಕೊಟ್ಟರು. ಇಲ್ಲಿಯವರೆಗೆ ಯಾರೂ ನಮ್ಮನ್ನು ಏನೂ ಕೇಳಿಲ್ಲ.

ಚೀಟಿಯಲ್ಲಿ ನಾನು ಗೆದ್ದೆ, ಎರಡು ಮತದಿಂದ. ಕಡಿಮೆಯಾಯಿತು ಅಂತ ಸ್ವಲ್ಪ ಬೇಜಾರೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮೊದಲ ಸಭೆಯಲ್ಲಿ ಲ್ಯಾಬಿನ ಟೈಮ್ ಇಟ್ಟೆವು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ 1:30 ನಡೆಯುತ್ತವೆ, ನಾವೂ 8ಕ್ಕೆ ಲ್ಯಾಬ್ ಶುರು ಮಾಡೋಣ ಅಂದೆವು. ನಾನು ಈಥರ್ ಬಾಟಲಿ ಒಯ್ದಿರಲಿಲ್ಲ, ಆದರೆ ಗೆಸ್ಟ್ ಹುಡುಗಿ ಥರ್ಮಾಮೀಟರಿನ ಫೋಟೋ ತೋರಿಸಿದಳು, ತಾರೀಖು ಸಮೇತ ಹನ್ನೆರಡು ಫೋಟೋ. ಮ್ಯಾನೇಜ್‌ಮೆಂಟಿನ ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿ, "ಇಷ್ಟ್ ಬಿಸಿಲಾಗ ಮಕ್ಕಳು ಇದರಾಗ ನಿಂತಿದ್ರೇನ್ರಿ?" ಅಂದರು. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ಮೂರು ವರ್ಷ ನಾನು ಅವರನ್ನು ಬೈದಿದ್ದೇನೆ, ಗೊತ್ತಿದ್ದೂ ಮಾಡುತ್ತಾರೆ ಅಂತ.

ಆಮೇಲೆ ಹಾಸ್ಟೆಲ್ ನೋಡಿಕೊಳ್ಳುವ ಕ್ಲರ್ಕ್ ಅಡ್ಡ ಬಂದರು. 8ಕ್ಕೆ ಲ್ಯಾಬ್ ಅಂದರೆ ಹುಡುಗರಿಗೆ 7:15ಕ್ಕೆ ತಿಂಡಿ ಬೇಕು, ಅಡುಗೆಯವರು ಬರುವುದೇ 7ಕ್ಕೆ, ಬಸ್ಸಿಗೆ. ಹುಡುಗರು ಹಸಿದುಕೊಂಡು ಬಂದು ಆಸಿಡ್ ಹಿಡಿಯುತ್ತಾರಾ ಅಂದರು. ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಅರ್ಧ ಗಂಟೆ ಅದರ ಮೇಲೇ ಹೋಯಿತು. ಕೊನೆಗೆ ಅವರೇ ಹೇಳಿದರು, ಲ್ಯಾಬ್ ಇರುವ ಮೂರು ದಿನ ಸುಸಲಾ ಮಾಡಿಸುತ್ತೇನೆ, ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಲಿಕ್ಕೆ ಹದಿನೈದು ನಿಮಿಷ ಸಾಕು ಅಂತ.

ತಡದ ರೂಲ್ ತೆಗೆಯಿರಿ ಅಂತಲೂ ಕೇಳಿದೆವು. ಅದನ್ನು ಮ್ಯಾನೇಜ್‌ಮೆಂಟ್ ಒಪ್ಪಲಿಲ್ಲ. ಹದಿಮೂರನೇ ದಿನ ಪತ್ರ ಬಂತು, ನಾಲ್ಕೇ ಸಾಲು. ಎಲ್ಲರಿಗೂ ತೆಗೆದರೆ ಮೊದಲ ಪೀರಿಯಡ್ ಖಾಲಿ ಬೀಳುತ್ತದೆ, ಹಿಂದೆ ಹಾಗೆ ಆಗಿದೆ, ಆದ್ದರಿಂದ ಇಲ್ಲ. ರೈಲಿಗೆ ಬರುವವರು ಪಾಸ್ ಜೆರಾಕ್ಸ್ ಕೊಟ್ಟರೆ 20 ನಿಮಿಷದವರೆಗೆ ಬಿಡುತ್ತೇವೆ. ನನಗೆ ಆ ಉತ್ತರ ಇಷ್ಟ ಆಗಿಲ್ಲ. ಶಹಾಬಾದಿನ ಮೇಡಂ ಮಾತ್ರ ಅದನ್ನು ಫೋಟೋ ತೆಗೆದುಕೊಂಡು, "21 ವರ್ಷದಾಗ ಇವರು ನಮಗ ಯಾಕ ಅಂತ ಬರೆದಿದ್ದು ಇದ ಮೊದಲು ನೋಡ್ರಿ" ಅಂದರು.

ನಿನ್ನೆ ಎರಡನೇ ಸಭೆ. ಎರಡು ಗಂಟೆ ನಡೆಯಿತು, ಚಹಾ ತಣ್ಣಗಾಗಿತ್ತು. ನಮ್ಮ ಸೂಪರಿಂಟೆಂಡೆಂಟ್ ಠರಾವುಗಳನ್ನು ಗಟ್ಟಿಯಾಗಿ ಓದಿದರು. ಒಂದು ಕಡೆ "ಸರ್ವಾನುಮತದಿಂದ" ಅಂತ ಬಂತು. ಒಬ್ಬರು ಕೈ ಎತ್ತಿ, ನಾನು ಒಪ್ಪಿಲ್ಲ ಅಂದರು. ಅವರು ಆ ಪದ ಹೊಡೆದು "ಬಹುಮತದಿಂದ" ಅಂತ ಬರೆದು, ಪಕ್ಕದಲ್ಲಿ ಚಿಕ್ಕದಾಗಿ ತಮ್ಮ ಸಹಿ ಹಾಕಿದರು. ಆಮೇಲೆ ಜೇಬಿನಿಂದ ಆರಿಂಚಿನ ಸ್ಕೇಲ್ ತೆಗೆದು ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು, ಬುಕ್ ನನ್ನ ಕಡೆ ತಿರುಗಿಸಿದರು. ನಾನು ಮೊದಲು ಕೈ ಒರೆಸಿಕೊಂಡೆ.